ಗೋಧಿ ಮಾರಿದ ಪ್ರಸಂಗ

ನಾನು ಕಂಡ ಬೇಸಾಯಗಾರರಲ್ಲಿ ಉಗುರಿಗೆ ಮಣ್ಣು ಸೋಕಿಸಿಕೊಳ್ಳದವಳೆಂದರೆ ನನ್ನ ಹೆಂಡತಿ ನಾಗರತ್ನ ಒಬ್ಬಳೇ. ನರಸೀಪುರದ ಕಡೆಯ ಒಕ್ಕಲು ಮನೆತನದ ಹುಡುಗಿ. ಬಿಸಿಲಲ್ಲಿ ಕಳೆ ಕೀಳುವುದು ತನ್ನಿಂದಾಗದು, ಮೈಸೂರಿನ ಗಂಡೇ ಬೇಕು ಎಂದು ಹಟ ಹಿಡಿದು ನನ್ನನ್ನು ಒಪ್ಪಿಕೊಂಡವಳು. ನನ್ನ ರೂಪ, ಗುಣಗಳಿಗಿಂತ ನನಗೆ ಒಂದು ಗುಂಟೆ ಜಮೀನೂ ಇಲ್ಲ ಎಂಬುದೇ ಅವಳಿಗೆ ಹೆಚ್ಚು ಹಿಡಿಸಿತ್ತಂತೆ. ಅಂಥವಳು, ಒಂಟಿಕೊಪ್ಪಲಿನ ನಮ್ಮ ಮನೆಗೆ ಇಂಟರ್ನೆಟ್ ಬಂದ ವರ್ಷ, ಮಗಳ ಓದಿಗೆಂದು ತಂದ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಬೇಸಾಯಕ್ಕಿಳಿದಳು.

ಆ ಆಟವನ್ನು ನೋಡಿದರೇ ನನಗೆ ಮೈ ಉರಿಯುತ್ತಿತ್ತು. ಬೆಳಿಗ್ಗೆ ಬಿತ್ತಿದ ಗೋಧಿ ಸಂಜೆಗೆಲ್ಲ ಕೊಯ್ಲಿಗೆ ಬರುತ್ತದೆ. ಹಸುಗಳು ಸಗಣಿ ಹಾಕುವುದಿಲ್ಲ, ಸುಮ್ಮನೆ ನಿಂತು ಕಂಡವರಿಗೆಲ್ಲ ಹಲ್ಲು ಕಿರಿಯುತ್ತವೆ. ಬೆಳೆ ಮಾರಿದರೆ ಚಿನ್ನದ ನಾಣ್ಯಗಳು ಝಣಝಣ ಎಂದು ಚೀಲಕ್ಕೆ ಬೀಳುತ್ತವೆ. ಆ ಚಿನ್ನಕ್ಕೆ ದೇವರಾಜ ಮಾರುಕಟ್ಟೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ಹುಟ್ಟುವುದಿಲ್ಲ. ಇಷ್ಟನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದಿದ್ದದ್ದು ಅವಳ ತಂಡ. ಮುಖ ನೋಡದ, ಊರು ಕೇರಿ ಗೊತ್ತಿಲ್ಲದ ಹತ್ತಾರು ಜನ ಸೇರಿ, ಆಟದವರು ಹೇಳಿದ ಗಡುವಿನೊಳಗೆ ಒಂದೇ ಕಣಜಕ್ಕೆ ತಮ್ಮ ತಮ್ಮ ಪಾಲಿನ ಗೋಧಿ ತುಂಬಬೇಕು. ತುಂಬಿದರೆ ಎಲ್ಲರಿಗೂ ಬಹುಮಾನ, ಇಲ್ಲವಾದರೆ ಎಲ್ಲರಿಗೂ ಚಿಪ್ಪು. ಮೇಲಿನ ಮನೆ ಬಾಡಿಗೆಗೆ ಕೇಳಿ ಬಂದವರ ಮೂರು ತಲೆಮಾರು ಜಾಲಾಡುವ ನಾಗರತ್ನ, ಇಲ್ಲಿ ಫೋಟೋದಲ್ಲಿ ಮುಖದ ಬದಲು ಗುಲಾಬಿ ಹೂವು ಹಾಕಿಕೊಂಡ ಧಾರವಾಡದ ಶಾಂತಕ್ಕ ಎಂಬಾಕೆಯನ್ನು ಒಡಹುಟ್ಟಿದವಳಂತೆ ನಂಬಿದ್ದಳು.

"ಹೋದ್ಸಲ ನಂಗೆ ಜ್ವರ ಬಂದಾಗ ನನ್ನ ಪಾಲೂ ಅವ್ರೇ ತುಂಬಿದ್ರು ಕಣ್ರೀ. ಮುಯ್ಯಿ ತೀರಿಸ್ಬೇಡ್ವಾ?" ಎನ್ನುತ್ತಿದ್ದಳು.

ಅವಳ ಊರಿನಲ್ಲಿ ಒಬ್ಬರ ಗದ್ದೆ ನಾಟಿಗೆ ಇನ್ನೊಬ್ಬರು ಹೋದರೆ, ಅವರ ನಾಟಿಗೆ ಇವರು ಹೋಗಲೇಬೇಕು. ಅದು ಮುಯ್ಯಿ, ಅಲ್ಲಿ ಕೂಲಿಯ ಮಾತೇ ಇಲ್ಲ. ಹೆಬ್ಬಾಳದ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ ತಲೆ ಹಣ್ಣು ಮಾಡಿಕೊಂಡ ನನಗೆ, ಕೂಲಿಯಿಲ್ಲದ ದುಡಿಮೆ ಎಂದರೆ ಯಾರೋ ಯಾರಿಗೋ ಟೋಪಿ ಹಾಕುತ್ತಿದ್ದಾರೆ ಎಂದೇ ಅರ್ಥ. ಅದರಲ್ಲೂ ಗುಲಾಬಿ ಹೂವಿನ ಮೇಲೆ ನನಗೆ ಬಲವಾದ ಅನುಮಾನವಿತ್ತು.

ಹೀಗಿರುವಾಗ ಒಂದು ಸೋಮವಾರ ಅವಳ ತಮ್ಮನ ಮಗುವಿನ ನಾಮಕರಣ ಬಂತು. ನನಗೆ ರಜೆ ಸಿಗಲಿಲ್ಲ. ಮಗಳನ್ನು ಕರೆದುಕೊಂಡು ಊರಿಗೆ ಹೊರಟ ನಾಗರತ್ನ, ಗ್ಯಾಸು, ಹಾಲು, ಬಾಗಿಲಿನ ಚಿಲಕ ಯಾವುದರ ಬಗ್ಗೆಯೂ ಹೇಳದೆ, "ನಾಳೆ ಭಾನುವಾರ ಮಧ್ಯಾಹ್ನ ಗೋಧಿ ಕೊಯ್ದು ಕಣಜಕ್ಕೆ ಹಾಕ್ಬುಡಿ. ಸಂಜೆಗೆ ಗಡುವು. ಶಾಂತಕ್ಕಂಗೆ ಮಾತು ಕೊಟ್ಟಿದೀನಿ, ಮರೀಬೇಡಿ" ಎಂದಳು.

"ಹೋಗಿ ಬಾರಮ್ಮ, ನಿನ್ನ ಎಸ್ಟೇಟು ನಾನು ನೋಡ್ಕೋತೀನಿ" ಎಂದು ನಕ್ಕೆ.

ಮರೆಯಲಿಲ್ಲ. ಹೇಳಿದ ಹೊತ್ತಿಗೇ ಕೊಯ್ದೆ. ಕೊಯ್ದ ಮೇಲೆ ಎರಡು ದಾರಿ ಕಂಡವು: ಕಣಜಕ್ಕೆ ಹಾಕಿದರೆ ಕೈಗೆ ಒಂದು ಕಾಸೂ ಇಲ್ಲ, ಸಂತೆಯಲ್ಲಿ ಮಾರಿದರೆ ನಗದು. ಈ ಪೆದ್ದಿಯನ್ನು ಆ ಅಪರಿಚಿತರು ಹೇಗೆ ಸುಲಿಯುತ್ತಿದ್ದಾರೆಂಬುದು ಆಗ ನನಗೆ ಕಣ್ಣಿಗೆ ಕಟ್ಟಿದಂತಾಯಿತು. ಅಷ್ಟನ್ನೂ ಮಾರಿಬಿಟ್ಟೆ. ಝಣಝಣ ಎಂದಿತು. ಸುಳ್ಳು ಹೇಳುವುದಿಲ್ಲ, ಸಂಬಳದ ದಿನವೂ ನನಗೆ ಅಂಥ ಹಿಗ್ಗಾದದ್ದಿಲ್ಲ, ಸಂಬಳಕ್ಕೆ ಸದ್ದಿಲ್ಲ. ಉಗ್ರಾಣದಲ್ಲಿದ್ದ ಹಳೆಯ ಕುಂಬಳಕಾಯಿಗಳನ್ನೂ ಮಾರಿದೆ. ಬಂದ ಚಿನ್ನದಲ್ಲಿ ಒಂದು ಬಿಳಿ ಕುದುರೆ ಕೊಂಡು ಹೊಲದ ನಟ್ಟನಡುವೆ ನಿಲ್ಲಿಸಿ, ಹೆಂಡತಿ ಬಂದು ಹೊಗಳುವುದನ್ನೇ ಕಾಯುತ್ತ ಕುಳಿತೆ.

ಮರುದಿನ ಸಂಜೆ ಬಂದವಳು ಬ್ಯಾಗು ಕೆಳಗಿಡದೆಯೇ ಕಂಪ್ಯೂಟರ್ ಹಾಕಿದಳು.

"ರೀ, ಗೋಧಿ ಎಲ್ಲಿ?"

"ಒಳ್ಳೇ ರೇಟಿತ್ತು. ಕುದುರೆ ನೋಡಿದೆಯಾ?"

"ಮಾರ್ಬುಟ್ರಾ!" ಅವಳ ಕಣ್ಣು ತುಂಬಿಕೊಂಡವು. "ಕುದುರೆ ಕಟ್ಕೊಂಡು ನಾನೇನ್ ಮಾಡ್ಲಿ? ಅಷ್ಟೂ ಜನದ ದುಡಿಮೆ ಮಣ್ಣುಪಾಲು ಮಾಡ್ಬುಟ್ರಲ್ಲಾ!"

"ಅವರ್ಯಾರೋ ಎತ್ತಲವರೋ ಕಣೇ."

"ಯಾರಾದ್ರೇನು? ನನ್ನ ನಂಬಿದ್ರಲ್ಲ" ಎಂದು ಮೂಗೊರೆಸಿಕೊಂಡಳು.

ನನಗೆ ನಿಜಕ್ಕೂ ಕೆಡುಕೆನಿಸಿತು. ಇಲ್ಲದ ಗೋಧಿಗೆ ಇರುವ ಹೆಂಡತಿ ಅಳುವುದೆಂದರೇನು ಎಂದು ಒಳಗೊಳಗೇ ಗೊಣಗಿಕೊಂಡರೂ, ಎದುರಾಡುವ ಧೈರ್ಯ ಬರಲಿಲ್ಲ. ಅಡುಗೆಮನೆಗೆ ಹೋಗಿ ಗಟ್ಟಿ ಡಿಕಾಕ್ಷನ್ ಇಳಿಸಿ ಕಾಫಿ ಬೆರೆಸಿಕೊಂಡು ಬಂದೆ. ನಾಗರತ್ನ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟುತ್ತ ಶಾಂತಕ್ಕನಿಗೆ ಸಮಜಾಯಿಷಿ ಬರೆಯುತ್ತಿದ್ದಳು. ಧಾರವಾಡದವರೆಗೂ ನನ್ನ ಮಾನ ಹೋಯಿತಲ್ಲ ಎಂಬ ಅಳುಕಿನಿಂದ ಅವಳ ಹೆಗಲ ಮೇಲಿಂದ ಇಣುಕಿದೆ. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. "ತಪ್ಪಾಯ್ತು ಅಕ್ಕ. ಊರಿಗೆ ಹೋಗುವಾಗ ಮನೆ ಆಳಿಗೆ ಹೇಳಿ ಹೋಗಿದ್ದೆ. ಅವನು ಎಲ್ಲಾನೂ ಮಾರಿ ಕುದುರೆ ತಂದವ್ನೆ" ಎಂದಿತ್ತು.

ಗುಲಾಬಿ ಹೂವು ತಕ್ಷಣ ಉತ್ತರಿಸಿತು: "ಅಂಥಾ ಆಳನ್ನ ಯಾಕ ಇಟ್ಕೊಂಡೀರಿ? ಬಿಡಿಸಿ ಕಳಸ್ರಿ."

ನಾಗರತ್ನ ಒಂದು ಕ್ಷಣ ಯೋಚಿಸಿದಳು. ನಾನು ಲೋಟ ಹಿಡಿದು ನಿಂತೆ. ಆಮೇಲೆ ಕುಟ್ಟಿದಳು: "ಬಿಡ್ಸೋಕಾಗಲ್ಲ ಅಕ್ಕ, ಹಳಬ. ಬೇರೆ ಕಡೆ ಯಾರೂ ಇಟ್ಕೊಳಲ್ಲ. ಕಾಫಿ ಒಂದು ಚೆನ್ನಾಗಿ ಮಾಡ್ತಾನೆ."

ತಿರುಗಿ ನೋಡದೆ ಕೈ ಚಾಚಿದಳು. ನಾನು ಲೋಟ ಕೊಟ್ಟು, ಸಕ್ಕರೆ ಸಾಕೇ ಎಂದು ಮೆಲ್ಲಗೆ ಕೇಳಿದೆ.