ಬಿಲ್ಲಣ್ಣನ ಭೂತಗನ್ನಡಿ

ಕೆಮ್ಮಿನ ಸಿರಪ್ಪು ಕೇಳಿದ ಅಂಗಡಿಗೆ ಮಕ್ಕಳ ಡೈಪರು ಹೋಗಿತ್ತು. ಅದೂ ಒಂದೆರಡು ಕಟ್ಟಲ್ಲ, ಅರ್ಧ ವ್ಯಾನು ತುಂಬುವಷ್ಟು. ಅಂಗಡಿಯವನು ಬೆಳಿಗ್ಗೆ ಬೆಳಿಗ್ಗೆಯೇ ಫೋನು ಮಾಡಿ, "ಇಲ್ಲಿ ಜನ ಕೆಮ್ತಾ ಇದಾರೆ ಸ್ವಾಮಿ, ನೀವು ಕಳಿಸಿರೋದನ್ನ ಅವರ ಬಾಯಿಗೆ ಕಟ್ಟಲಾ?" ಎಂದು ಕೇಳಿದ್ದ. ಆ ಪ್ರಶ್ನೆ ಮ್ಯಾನೇಜರರ ಕಿವಿಗೆ ಬಿದ್ದು, ಅಲ್ಲಿಂದ ನೇರವಾಗಿ ಬಿಲ್ಲಣ್ಣನ ತಲೆಯ ಮೇಲೆ ಬಿತ್ತು.

ಔಷಧಿಯ ಆ ಸಗಟು ಮಳಿಗೆಯಲ್ಲಿ ಬಿಲ್ಲು ಹಾಕುವವನು ಅವನೇ ಆದ್ದರಿಂದ ಎಲ್ಲರ ಬಾಯಲ್ಲೂ ಅವನು ಬಿಲ್ಲಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ವಯಸ್ಸು ನಲವತ್ತು ದಾಟಿದ್ದೇ ಅವನಿಗೆ ಎರಡು ಭಾಗದ ಕನ್ನಡಕ ಬಂತು. ಮೇಲಿನದು ದೂರಕ್ಕೆ, ಕೆಳಗಿನದು ಓದುವುದಕ್ಕೆ. ಕಂಪ್ಯೂಟರಿನ ಪರದೆ ಕೂತಿದ್ದು ಮಾತ್ರ ಇವೆರಡಕ್ಕೂ ಸಲ್ಲದ ನಡುವಿನ ಜಾಗದಲ್ಲಿ. ಅದನ್ನು ಓದಬೇಕೆಂದರೆ ಗಲ್ಲ ಎತ್ತಿ, ಕತ್ತು ಹಿಂದಕ್ಕೆ ಚೆಲ್ಲಿ, ನೀರು ಕುಡಿಯುವ ಕೋಳಿಯ ಹಾಗೆ ಕೂರಬೇಕಿತ್ತು. ಅಕ್ಷರವನ್ನೇ ದೊಡ್ಡದು ಮಾಡೋಣವೆಂದರೆ ಬಿಲ್ಲಿನ ಸಾಫ್ಟ್‌ವೇರ್ ಹಳೇ ಕಾಲದ್ದು. ಅಕ್ಷರ ಹಿಗ್ಗಿದೊಡನೆ ಕೆಳಗಿನ ಸೇವ್ ಬಟನ್ ಪರದೆಯಿಂದ ಆಚೆಗೆ ಹೋಗಿ ಕೂರುತ್ತಿತ್ತು. ಓದಿದ್ದನ್ನು ಉಳಿಸುವಂತಿಲ್ಲ, ಉಳಿಸಬೇಕಾದ್ದನ್ನು ಓದುವಂತಿಲ್ಲ.

"ಸಿರಪ್ಪಿನ ಕೋಡ್ ಶುರುವಾಗೋದು ಸಿ ಇಂದ, ಡೈಪರಿಂದು ಜಿ ಇಂದ," ಎಂದರು ಮ್ಯಾನೇಜರು. "ನಾನೇ ಬಂದು ನಿಮ್ಮ ಪರದೆ ನೋಡ್ದೆ. ಜಿ ಅಂತ ಇದೆ."

ಬಿಲ್ಲಣ್ಣನೂ ನೋಡಿದ. ಅವನಿಗೂ ಅದು ಜಿ ಆಗಿಯೇ ಕಂಡಿತು. ಇಂಗ್ಲಿಷಿನ ಆ ಎರಡು ಅಕ್ಷರಗಳ ನಡುವೆ ಇರುವುದು ಒಂದು ಚಿಕ್ಕ ಮೂಗಿನಷ್ಟು ವ್ಯತ್ಯಾಸ. ಇದ್ದರೂ ಇರಬಹುದು ಎನ್ನಿಸಿ, "ತಪ್ಪಾಯ್ತು ಸಾರ್," ಎಂದುಬಿಟ್ಟ.

"ಸಂಜೆ ಒಳಗೆ ನಿಮ್ಮ ಕಣ್ಣಿಗೆ ಏನಾದ್ರೂ ಒಂದು ದಾರಿ ಮಾಡ್ಕೊಳ್ಳಿ. ಆಗಲ್ಲ ಅಂದ್ರೆ ನಾಳೆಯಿಂದ ಕೆಳಗೆ ಗೋದಾಮಿಗೆ ಹೋಗಿ."

ಗೋದಾಮೆಂದರೆ ಕಟ್ಟಡದ ನೆಲಮಾಳಿಗೆ. ಕಿಟಕಿ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ, ರಟ್ಟಿನ ಪೆಟ್ಟಿಗೆಗಳ ಧೂಳಿಗೆ ಮಾತ್ರ ಕೊರತೆ ಇಲ್ಲ. ಅಲ್ಲಿ ಪರದೆಯಲ್ಲಿ ಬಿಲ್ಲು ನೋಡಿ ಮಾಲು ತೆಗೆದುಕೊಡುವವನು ಎಷ್ಟೋ ವರ್ಷದಿಂದ ಕೆಳಗೇ ಇದ್ದು, ಎಂದಾದರೂ ಮೇಲೆ ಬಂದರೆ ಬಿಲದಿಂದ ಹೊರಬಿದ್ದ ಹೆಗ್ಗಣದ ಹಾಗೆ ಕಣ್ಣು ಪಿಳುಕಿಸುತ್ತ ನಿಲ್ಲುತ್ತಿದ್ದ. ಬಿಲ್ಲಣ್ಣನಿಗೆ ಮೊದಲೇ ಧೂಳು ಆಗಿಬರುವುದಿಲ್ಲ. ಹೆಂಡತಿಗೆ ಫೋನು ಮಾಡಿದ.

"ರೀ, ಅದೊಂದಕ್ಕೆ ಮಾತ್ರ ಒಪ್ಕೋಬೇಡಿ," ಎಂದಳು ಅವಳು. "ಮನೇಲಿ ಚಾಪೆ ಕೊಡವಿದ್ರೇ ಊಟದ ಹೊತ್ತಿನ ತನಕ ಸೀನ್ತೀರ. ಅಲ್ಲಿಗೆ ಹೋದ್ರೆ ಮೂಗೇ ಉದುರಿಹೋಗತ್ತೆ."

ಅಷ್ಟರಲ್ಲಿ ಸುದ್ದಿ ಹಬ್ಬಿ ಸಲಹೆಗಾರರು ಬಂದು ಸುತ್ತುವರಿದಿದ್ದರು. ಪಕ್ಕದ ಮೇಜಿನ ಸ್ಟಾಕ್ ಅಕ್ಕ, ಮಳಿಗೆಯಲ್ಲಿ ಯಾವ ಮಾಲು ಎಷ್ಟಿದೆ ಎಂದು ನೋಡಿಕೊಳ್ಳುವವಳು, ಯಾರ ಮೈಯಲ್ಲಿ ಯಾವ ರೋಗ ಎಷ್ಟಿದೆ ಎಂಬುದನ್ನೂ ನೋಡಿಕೊಳ್ಳುತ್ತಿದ್ದಳು. "ದಿನಾ ಕ್ಯಾರೆಟ್ ತಿನ್ನಿ ಬಿಲ್ಲಣ್ಣ."

"ಸಂಜೆ ಒಳಗೆ ಎಷ್ಟು ಅಂತ ತಿಂತಾರಕ್ಕ?" ಎಂದ ವ್ಯಾನಿನ ಡ್ರೈವರು. ಡೈಪರು ಹೊತ್ತುಕೊಂಡು ಹೋಗಿ ಬೈಸಿಕೊಂಡವನು ಅವನೇ ಆದ್ದರಿಂದ ಈ ವಿಷಯದಲ್ಲಿ ತನಗೂ ಹಕ್ಕಿದೆ ಎಂದುಕೊಂಡಿದ್ದ. "ಪರದೆ ಮುಂದೆ ನೇತುಹಾಕೋ ಭೂತಗನ್ನಡಿ ಬರತ್ತೆ. ನಮ್ಮ ಚಿಕ್ಕಪ್ಪ ಅದರಲ್ಲೇ ಸಿನಿಮಾ ನೋಡೋದು. ಬನ್ನಿ, ಅಂಗಡಿ ನಂಗೊತ್ತು."

ಊಟದ ಬಿಡುವಿನಲ್ಲಿ ಮೂವರೂ ವ್ಯಾನು ಹತ್ತಿದರು. ಸ್ಟಾಕ್ ಅಕ್ಕನನ್ನು ಯಾರೂ ಕರೆದಿರಲಿಲ್ಲ. "ಗಂಡಸರು ಸಾಮಾನು ತಗೊಳ್ಳೋದನ್ನ ನಾನು ಕಂಡಿದೀನಿ," ಎಂದು ಅವಳೇ ಮುಂದಿನ ಸೀಟಿನಲ್ಲಿ ಕೂತಳು. ಬಿಲ್ಲಣ್ಣ ಹಿಂದೆ ಡೈಪರುಗಳ ಮೇಲೆ ಕೂತ.

ಭೂತಗನ್ನಡಿಯ ಅಂಗಡಿಯವನು ಹೆಣ್ಣು ತೋರಿಸುವ ಗಾಂಭೀರ್ಯದಲ್ಲಿ ಒಂದೊಂದನ್ನೇ ಹೊರಗೆ ತಂದ. ಮೊದಲನೆಯದು ದಪ್ಪ ಗಾಜು, ಕಾಲಿನ ಮೇಲೆ ನಿಲ್ಲುವಂಥದ್ದು. ಅದರಲ್ಲಿ ಅಕ್ಷರ ಚಪ್ಪಲಿಯಷ್ಟು ದೊಡ್ಡದಾಯಿತು. ಆದರೆ ಒಂದು ಸಲಕ್ಕೆ ಒಂದೇ ಪದ.

"ದೊಡ್ಡದಾದಷ್ಟೂ ಕಾಣೋ ಜಾಗ ಚಿಕ್ಕದಾಗತ್ತೆ ಸಾರ್. ಸಾಲು ಪೂರ್ತಿ ಓದ್ಬೇಕಂದ್ರೆ ತಲೆ ಆ ಕಡೆ ಈ ಕಡೆ ಆಡಿಸ್ತಾ ಇರ್ಬೇಕು."

ಬಿಲ್ಲಣ್ಣ ಆಡಿಸಿ ನೋಡಿದ. "ಬೇಡಪ್ಪ," ಎಂದಳು ಸ್ಟಾಕ್ ಅಕ್ಕ. "ಏನು ಕೇಳಿದ್ರೂ ಆಗಲ್ಲ ಆಗಲ್ಲ ಅಂತಿದ್ದ ಹಾಗೆ ಕಾಣತ್ತೆ. ಮ್ಯಾನೇಜರ್ ತಪ್ಪು ತಿಳ್ಕೋತಾರೆ."

ಎರಡನೆಯದು ಕೈಯಲ್ಲಿ ಹಿಡಿಯುವಂಥದ್ದು. ಅದನ್ನು ಹಿಡಿದರೆ ಟೈಪು ಮಾಡಲು ಒಂದೇ ಕೈ ಉಳಿಯುತ್ತಿತ್ತು. ಡ್ರೈವರು ಅದನ್ನು ಕಣ್ಣಿಗಿಟ್ಟುಕೊಂಡು ಬಿಲ್ಲಣ್ಣನನ್ನು ನೋಡಿ, "ಅಯ್ಯೋ, ನಿಮ್ಮ ಮೂಗಲ್ಲಿ ಎಷ್ಟೊಂದು ಕೂದಲು!" ಎಂದು ಅಂಗಡಿಗೆಲ್ಲ ಕೇಳುವಂತೆ ಸಾರಿದ.

ಕೊನೆಯದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಚೌಕಟ್ಟು ಹಾಕಿದ್ದು, ಪರದೆಯಷ್ಟೇ ಅಗಲ. ಮೇಲೆ ಎರಡು ಕೊಕ್ಕೆ, ಮಾನಿಟರಿಗೆ ನೇತುಹಾಕಲು. ಪರದೆಯಿಂದ ಮುಂದಕ್ಕೆ ಎಳೆದಷ್ಟೂ ಅಕ್ಷರ ಹಿಗ್ಗುತ್ತಿತ್ತು. ಅಂಚಿನಲ್ಲಿ ಸ್ವಲ್ಪ ಕಾಮನಬಿಲ್ಲು ಕಾಣುತ್ತದೆ, ನೇರ ಎದುರಿಗೇ ಕೂರಬೇಕು, ಓರೆಯಾಗಿ ನೋಡಿದರೆ ಸಾಲು ಡೊಂಕು ಎಂದು ಅಂಗಡಿಯವನು ಎಲ್ಲ ಕೊರತೆಗಳನ್ನೂ ಪ್ರಾಮಾಣಿಕವಾಗಿ ಹೇಳಿದ. ಆದರೆ ಇಡೀ ಸಾಲು ಒಟ್ಟಿಗೆ ಕಂಡಿತು. ಬಿಲ್ಲಣ್ಣ ಗಲ್ಲ ಎತ್ತದೆಯೇ, ಮನುಷ್ಯನಂತೆ ಕೂತು ಓದಿದ.

"ಇದೇ," ಎಂದ.

"ಬಣ್ಣ ಬೇರೆ ಇಲ್ವಾ?" ಎಂದು ಸ್ಟಾಕ್ ಅಕ್ಕ ಚೌಕಟ್ಟನ್ನು ತಿರುಗಿಸಿ ನೋಡಿದಳು. ಇರಲಿಲ್ಲ.

ಅಂಗಡಿಯಲ್ಲಿ ಹಸುವಿನಂತಿದ್ದ ಕನ್ನಡಿ ಕಚೇರಿಗೆ ಬಂದೊಡನೆ ಗೂಳಿಯಾಯಿತು. ಮಾನಿಟರಿನ ಅಂಚು ದಪ್ಪ, ಕೊಕ್ಕೆ ಕೂರಲಿಲ್ಲ. ಔಷಧಿ ಪೆಟ್ಟಿಗೆಗೆ ಸುತ್ತುವ ಅಂಟುಪಟ್ಟಿ ತಂದು ಡ್ರೈವರು ಮಾನಿಟರನ್ನು ಕೈಮುರಿದವರಿಗೆ ಬ್ಯಾಂಡೇಜು ಸುತ್ತುವಂತೆ ಸುತ್ತಿದ. ಕೂತಿತು. ನೋಡಿದರೆ ಕನ್ನಡಿಯ ನಟ್ಟನಡುವೆ ಟ್ಯೂಬ್‌ಲೈಟಿನ ಬಿಳಿ ಪಟ್ಟೆ. ಓದಬೇಕಾದ್ದೆಲ್ಲ ಅದರ ಹಿಂದೆ.

"ಮೇಜು ತಿರುಗಿಸಿದ್ರಾಯ್ತು," ಎಂದಳು ಸ್ಟಾಕ್ ಅಕ್ಕ.

ಬಿಲ್ಲಣ್ಣ ಬೇಡವೆನ್ನುವಷ್ಟರಲ್ಲಿ ಇಬ್ಬರೂ ಸೇರಿ ಮೇಜು ತಿರುಗಿಸಿದರು. ಮೇಜಿನ ಜೊತೆ ವೈರೂ ಹೊರಟಿತು, ವೈರಿನ ಜೊತೆ ಗೋಡೆಯ ಪ್ಲಗ್ಗೂ ಕಿತ್ತು ಬಂತು. ಕೋಣೆಯ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿದವು. ಬೆಳಗಿನಿಂದ ಹಾಕಿ ಸೇವ್ ಮಾಡದೆ ಬಿಟ್ಟಿದ್ದ ಬಿಲ್ಲುಗಳು ಹೇಳಹೆಸರಿಲ್ಲದಂತೆ ಹೋದವು. ಮಾಲು ಎಲ್ಲಿ ಎಂದು ಕೇಳುವ ಫೋನುಗಳು ಒಂದರ ಹಿಂದೊಂದು ಬಡಿದುಕೊಳ್ಳತೊಡಗಿದವು.

ಪ್ಲಗ್ಗು ಮತ್ತೆ ಕೂತು ಪರದೆ ಬೆಳಗಿದಾಗ ಇನ್ನೊಂದು ಶುರುವಾಯಿತು. ತಲೆಯ ಮೇಲಿನ ಫ್ಯಾನಿನ ಗಾಳಿಗೆ ಕನ್ನಡಿ ತೂಗಾಡಿ, ಅಕ್ಷರಗಳು ಒಮ್ಮೆ ಉಬ್ಬಿ ಒಮ್ಮೆ ಕುಗ್ಗಿ, ಬಿಲ್ಲಣ್ಣ ದೋಣಿಯಲ್ಲಿ ಕೂತವನಂತೆ ಮೇಜಿನ ಅಂಚು ಹಿಡಿದುಕೊಂಡ. ಫ್ಯಾನು ಆರಿಸಿದರು. ಕನ್ನಡಿ ನಿಂತಿತು, ಎಲ್ಲರ ಬೆವರು ಹರಿಯಿತು. ಆದರೆ ಅಕ್ಷರಗಳು ಮದುವಣಗಿತ್ತಿಯ ಹಾಗೆ ಗುಂಡುಗುಂಡಾಗಿ, ಸ್ಪಷ್ಟವಾಗಿ ಮುಂದೆ ಬಂದು ನಿಂತವು. ಬಿಲ್ಲಣ್ಣ ಹೋದ ಬಿಲ್ಲುಗಳನ್ನೆಲ್ಲ ಮತ್ತೆ ಹಾಕಿದ. ಒಂದೂ ತಪ್ಪಲಿಲ್ಲ. ಕತ್ತೂ ನೋಯಲಿಲ್ಲ.

"ಫ್ಯಾನ್ ಯಾರ್ರೀ ಆರಿಸಿದ್ದು?" ಎನ್ನುತ್ತ ಸಂಜೆ ಮ್ಯಾನೇಜರು ಹೊರಗೆ ಬಂದರು. ತಿರುಗಿದ ಮೇಜು, ಬ್ಯಾಂಡೇಜು ಸುತ್ತಿದ ಮಾನಿಟರು, ಬೆವರುತ್ತಿದ್ದ ಸಿಬ್ಬಂದಿ ಎಲ್ಲವನ್ನೂ ನೋಡಿದರು. ಆಮೇಲೆ ಕನ್ನಡಿ ನೋಡಿದರು. ಬಿಲ್ಲಣ್ಣನನ್ನು ಎಬ್ಬಿಸಿ ತಾವೇ ಕೂತರು.

"ಅರೆ! ಎಲ್ಲಾ ಕಾಣ್ತಿದೆಯಲ್ರೀ!" ಅವರ ಮುಖ ಜಾತ್ರೆಯಲ್ಲಿ ಚಿತ್ರ ತೋರಿಸುವ ಬೊಂಬಾಯಿ ಪೆಟ್ಟಿಗೆಗೆ ಕಣ್ಣಿಟ್ಟ ಹುಡುಗನಂತಾಯಿತು. "ಎಲ್ಲಿ, ಆ ಡೈಪರ್ ಬಿಲ್ಲು ತೆಗೀರಿ."

ತೆಗೆದ. ಮ್ಯಾನೇಜರು ಕೋಡಿನ ಮೇಲೆ ಬೆರಳಿಟ್ಟು ಬಗ್ಗಿ ನೋಡಿದರು. ಅಲ್ಲಿ ಮೂಗಿಲ್ಲದ, ಬಾಯಿ ಬಿಟ್ಟುಕೊಂಡಿದ್ದ, ಶುದ್ಧವಾದ ಸಿ ಇತ್ತು.

"ನೀವು ಸರಿಯಾಗೇ ಹಾಕಿದೀರಲ್ರೀ!"

"ಹೌದಾ ಸಾರ್?" ಎಂದ ಬಿಲ್ಲಣ್ಣ. ಅವನಿಗೇ ಆಶ್ಚರ್ಯ.

ಗೋದಾಮಿನವನಿಗೆ ಕರೆ ಹೋಯಿತು. ಅವನು ಕಣ್ಣು ಪಿಳುಕಿಸುತ್ತ ಮೆಟ್ಟಿಲು ಹತ್ತಿ ಬಂದ.

"ಬಿಲ್ಲಲ್ಲಿ ಸಿರಪ್ಪು ಅಂತಿದ್ರೆ ಡೈಪರ್ ಯಾಕೆ ಕೊಟ್ಟೆ?"

"ಕೆಳಗಿನ ಪರದೆ ಚಿಕ್ಕದು ಸಾರ್, ಮಬ್ಬು ಬೇರೆ. ಏನೂ ಕಾಣಲ್ಲ. ಅಂದಾಜಿನ ಮೇಲೆ ತೆಗೀತೀನಿ."

"ಇಷ್ಟು ವರ್ಷ ಅಂದಾಜಿನ ಮೇಲೇನಾ?"

"ಹೆಚ್ಚಾಗಿ ಸರಿಹೋಗ್ತಿತ್ತು ಸಾರ್."

ಡ್ರೈವರು ಕಿಸಕ್ಕೆಂದ. ಮ್ಯಾನೇಜರು ಎದ್ದು ಬಂದು ಬಿಲ್ಲಣ್ಣನ ಹೆಗಲ ಮೇಲೆ ಕೈ ಇಟ್ಟರು. ಅವನ ಸರ್ವೀಸಿನಲ್ಲಿ ಅಂಥದ್ದು ಹಿಂದೆ ಆಗಿರಲಿಲ್ಲ. "ನಿಮ್ಮನ್ನ ಸುಮ್ನೆ ಅಂದ್ಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ," ಎಂದರು. ಸ್ಟಾಕ್ ಅಕ್ಕ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ಬಿಲ್ಲಣ್ಣನ ಕತ್ತು ತಾನಾಗಿಯೇ ನೆಟ್ಟಗಾಯಿತು.

ಮನೆಗೆ ಹೊರಡುವ ಮೊದಲು ಹೆಂಡತಿಗೆ ಫೋನು ಮಾಡಿ ಎಲ್ಲವನ್ನೂ ಮೊದಲಿನಿಂದ ಹೇಳಿದ.

"ನಾನು ಹೇಳಿರ್ಲಿಲ್ವಾ?" ಎಂದಳು ಅವಳು, ಹೇಳದಿದ್ದರೂ. "ಅಂತೂ ನಿಮ್ಮ ತಪ್ಪಿಲ್ಲ ಅಂತಾಯ್ತು. ತಪ್ಪು ಮಾಡಿದ ಆ ಗೋದಾಮಿನವನಿಗೆ ಏನು ಮಾಡಿದ್ರು?"

"ಪಾಪ, ಅವನ ಕಣ್ಣು ಕೆಟ್ಟುಹೋಗಿದೆ ಅಂತ ಮೇಲೆ ಕರೆಸ್ಕೊಂಡ್ರು. ನಾಳೆಯಿಂದ ನನ್ನ ಕುರ್ಚೀಲಿ ಕೂರ್ತಾನೆ."

"ನಿಮ್ಮ ಕುರ್ಚೀಲಾ? ಮತ್ತೆ ನೀವು?"

ಬಿಲ್ಲಣ್ಣ ನೆಲಮಾಳಿಗೆಯ ಮೆಟ್ಟಿಲ ಕಡೆ ನೋಡಿದ. ಎದುರಿಗೆ ಡ್ರೈವರು ಕನ್ನಡಿಯನ್ನು ಮಗುವಿನಂತೆ ಎದೆಗವಚಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋಗುತ್ತಿದ್ದ. "ಹುಷಾರಪ್ಪ, ಗೀರು ಬಿದ್ದೀತು," ಎಂದು ಮ್ಯಾನೇಜರು ಮೇಲಿನಿಂದ ಕೂಗುತ್ತಿದ್ದರು.

"ಕೆಳಗಿನ ಪರದೆ ಓದಬಲ್ಲೋನು ಇಡೀ ಕಂಪನೀಲಿ ನಾನೊಬ್ನೇ ಅಂತೆ ಕಣೇ. ಭೂತಗನ್ನಡಿ ಇರೋದು ನನ್ನ ಹತ್ರ ತಾನೆ?"

"ಅಂದ್ರೆ, ಗೋದಾಮಿಗೆ ಹಾಕೇಬಿಟ್ರಾ?"

"ಛೆ ಛೆ, ಹಾಗನ್ಬೇಡ," ಎಂದ ಬಿಲ್ಲಣ್ಣ. "ಬೆಳಿಗ್ಗೆ ಅಂದಿದ್ದು ಶಿಕ್ಷೆ. ಈಗ ಕಳಿಸ್ತಿರೋದು ಬಹುಮಾನ ಅಂತ." ಅಷ್ಟು ಹೇಳಿ, ಇನ್ನೂ ಕೆಳಗಿಳಿಯುವ ಮೊದಲೇ ಒಂದು ಸಲ ಸೀನಿದ.