ಮಾವನ ಇಟ್ಟಿಗೆ ಮಂಚ

ನಿದ್ದೆ ಮಾಡುವುದಕ್ಕಾಗಿ ಹಗಲೆಲ್ಲ ದುಡಿಯುವವರನ್ನು ನೀವು ನೋಡಿದ್ದೀರಾ? ಚಾಮರಾಜಪೇಟೆಗೆ ಬನ್ನಿ, ನನ್ನ ಸೋದರಮಾವನನ್ನು ತೋರಿಸುತ್ತೇನೆ!

ಮಾವನ ಹೃದಯ ಸ್ವಲ್ಪ ದುರ್ಬಲ. ಕಳೆದ ವರ್ಷ ಮಲಗಿದರೆ ಉಸಿರು ಕಟ್ಟಿದಂತಾಗಿ ಆಸ್ಪತ್ರೆ ಸೇರಿ ಬಂದರು. "ಊಟ ಬೇಗ ಮುಗಿಸಿ, ಮೊಬೈಲ್ ದೂರ ಇಡಿ, ತಲೆ ಕಡೆ ಎತ್ತರ ಮಾಡ್ಕೊಂಡು ಮಲಗಿ" ಎಂದರು ಡಾಕ್ಟರು. ಬೇರೆಯವರಾಗಿದ್ದರೆ ತಲೆಯಾಡಿಸಿ ಮರೆತುಬಿಡುತ್ತಿದ್ದರು. ನಮ್ಮ ಮಾವ ಬಿಡುತ್ತಾರೆಯೇ?

ಮರುದಿನವೇ ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಗಳು ಬಂದು ಕೂತವು! "ದಿಂಬು ಜಾರುತ್ತೆ, ಇಟ್ಟಿಗೆ ಜಾರಲ್ಲ" ಎಂದರು. ಇಟ್ಟಿಗೆಯೇನೋ ಜಾರಲಿಲ್ಲ, ಅತ್ತೆ ಜಾರಿದರು! ಪಕ್ಕದಲ್ಲಿ ಮಲಗಿದವರು ಕಣ್ಣು ಹತ್ತಿದರೆ ಸಾಕು, ಮೆಲ್ಲಗೆ ಕೆಳಗಿಳಿಯುತ್ತಾ ಕಾಲ್ದೆಸೆಯ ಹಲಗೆ ಸೇರುತ್ತಿದ್ದರು.

"ರೀ, ಇದು ಮಂಚಾನೋ, ಪಾರ್ಕಿನ ಜಾರುಬಂಡೆನೋ?"

ಸಂಜೆಯಾದರೆ ಮಾವನ ಮೊಬೈಲು ಅಕ್ಕಿ ಡಬ್ಬಿಯೊಳಗೆ. ರಿಂಗಾದರೆ ಅತ್ತೆ ಅಡುಗೆಮನೆಯಿಂದಲೇ ಕೂಗುತ್ತಾರೆ: "ಅಕ್ಕಿಗೆ ಫೋನ್ ಬಂದಿದೆ ಕಣ್ರೀ!"

ಇನ್ನು ಮದುವೆ ರಿಸೆಪ್ಷನ್ನಿನ ಕಥೆ. ವೇದಿಕೆ ಮುಂದಿನ ಸಾಲು ಕರಗಿ, ಉಡುಗೊರೆ ಕೊಟ್ಟು, ಫೋಟೋಗೆ ಹಲ್ಲು ಕಿರಿದ ಮೇಲೆ ತಾನೇ ನಮಗೆಲ್ಲ ಊಟ? ಬಸವನಗುಡಿಯ ಛತ್ರವೊಂದಕ್ಕೆ ಮಾವ ಹೊತ್ತು ಮುಳುಗುವ ಮುಂಚೆಯೇ ಹಾಜರಾದರು. ಇನ್ನೂ ಬನಿಯನ್ನಿನಲ್ಲಿದ್ದ ಮದುಮಗನಿಗೆ ಕೋಣೆಯಲ್ಲೇ ಆಶೀರ್ವಾದ ಮಾಡಿ, ಅಡುಗೆಯವರ ಜೊತೆ ಕೂತು, ಉಪ್ಪಿನಕಾಯಿ ಹಪ್ಪಳ ಬೇಡವೆಂದು ಊಟ ಮುಗಿಸಿದರು. ಕೈ ತೊಳೆದು ಬರುವಾಗ ಹೆಣ್ಣಿನ ಕಡೆಯವರೊಬ್ಬರು ಅಡ್ಡ ಹಾಕಿದರು.

"ಅಡುಗೆ ಭಟ್ರೇ, ಜಿಲೇಬಿ ಎಲ್ರಿಗೂ ಸಾಕಾಗುತ್ತಾ?"

"ಧಾರಾಳವಾಗಿ! ಬೇಗ ಬಡಿಸಿ, ಎಲ್ರೂ ಬೇಗ ಮಲಗ್ಲಿ!"

ಆಮೇಲೆ ಇದನ್ನು ಕೇಳಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಇಷ್ಟು ನಗೆಪಾಟಲಾದರೂ ಹಿಡಿದ ಹಟ ಬಿಡದ ಮಾವನನ್ನು ಕಂಡರೆ ನನಗೆ ಹೆಮ್ಮೆಯೇ. ಅಷ್ಟೊಂದು ಹಟ ಯಾಕೆಂದು ಮಾತ್ರ ತಿಳಿದಿರಲಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಬಿಸಿಲು ಚೆನ್ನಾಗಿಯೇ ಏರಿತ್ತು. ನಾನು ಗೇಟಿಗೆ ಕೈ ಹಾಕಿದ್ದೇ ತಡ, ಮಾವ ಓಡಿಬಂದು ಚಿಲಕ ಸದ್ದಾಗದಂತೆ ಹಿಡಿದುಕೊಂಡರು.

"ಮೆತ್ತಗೆ ಕಣೋ. ನಿಮ್ಮತ್ತೆ ಇನ್ನೂ ಮಲಗಿದ್ದಾಳೆ."

"ಯಾಕೆ ಮಾವ, ಹುಷಾರಿಲ್ವಾ?"

"ಚೆನ್ನಾಗಿದ್ದಾಳೆ. ನಾನು ಆಸ್ಪತ್ರೆಯಿಂದ ಬಂದಾಗ್ಲಿಂದ ಸ್ವಲ್ಪ ಕಣ್ಣು ಹತ್ತಿದ್ರೂ ಬೆಚ್ಚಿ ಎದ್ದು, ಉಸಿರಾಡ್ತಿದೀನಾ ಅಂತ ನನ್ನ ಎದೆ ಮೇಲೆ ಕೈಯಿಟ್ಟು ನೋಡ್ತಿದ್ಲು. ನಾನು ನೆಟ್ಟಗೆ ಮಲಗಿದ್ರೆ ತಾನೇ ಅವಳಿಗೆ ನಿದ್ದೆ?" ಮಾವನ ಕಣ್ಣು ತುಂಬಿತ್ತು. "ಇವತ್ತು ನೋಡು, ನಾನು ಎದ್ದು ಬಂದಿದ್ದೂ ಗೊತ್ತಾಗಿಲ್ಲ ಅವಳಿಗೆ."

ನಾನು ಸದ್ದಾಗದಂತೆ ಚಪ್ಪಲಿ ಕಳಚಿಟ್ಟೆ. ಅತ್ತೆ ತಾವಾಗಿಯೇ ಏಳುವವರೆಗೂ ನಾವಿಬ್ಬರೂ ತುಟಿ ಬಿಚ್ಚದೆ ಮೆಟ್ಟಿಲ ಮೇಲೆ ಕೂತಿದ್ದೆವು.