ಎರಡನೇ ಗೇಟು

ನಮ್ಮ ಭಾವನ ಮನೆಗೆ ಕಳ್ಳ ನುಗ್ಗುವುದು ಸುಲಭ, ಇ-ಮೇಲ್ ನುಗ್ಗುವುದು ಕಷ್ಟ. ಅಲ್ಲಾಳಸಂದ್ರದ ಆ ಮನೆಯ ಕಾಂಪೌಂಡಿನ ಚಿಲಕ ಮುರಿದು ಎಷ್ಟು ವರ್ಷವಾಯಿತೋ ದೇವರೇ ಬಲ್ಲ. ಬೀದಿನಾಯಿ, ಹಸು, ಗಣೇಶನ ಚಂದಾ ಕೇಳುವವರು, ಯಾರು ಬೇಕಾದರೂ ಸೀದಾ ಜಗಲಿ ಹತ್ತಬಹುದು. ಆದರೆ ಇಂಟರ್‌ನೆಟ್ಟಿನ ಒಂದು ಅಕ್ಷರ ಒಳಗೆ ಬರಬೇಕೇ? ಒಂದು ಅಕ್ಷರ ಹೊರಗೆ ಹೋಗಬೇಕೇ? ಭಾವನ ಲಿಖಿತ ಅಪ್ಪಣೆಯಾಗಬೇಕು.

ಭಾವ ಯಶವಂತಪುರದ ಕಾರ್ಖಾನೆಯೊಂದರ ಗೇಟಿನಲ್ಲಿ ಮೂವತ್ತೊಂದು ವರ್ಷ ಕಾವಲು ಮೇಲ್ವಿಚಾರಕರಾಗಿದ್ದವರು. ನಿವೃತ್ತರಾದ ಮೇಲೆ ಕಾಯಲು ಗೇಟಿಲ್ಲದೆ ಮಂಕಾದರು. ಆಗ ಯಾರೋ ಪುಣ್ಯಾತ್ಮರು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ತಂತ್ರಾಂಶ ಹಾಕಿ ಫೈರ್‌ವಾಲ್ ಮಾಡಿಕೊಳ್ಳಬಹುದು, ಅಂದರೆ ಮನೆಯ ಇಂಟರ್‌ನೆಟ್ಟಿಗೇ ಒಬ್ಬ ಕಾವಲುಗಾರನನ್ನು ನಿಲ್ಲಿಸಬಹುದು ಎಂದು ಹೇಳಿಕೊಟ್ಟರು. ಆರು ತಿಂಗಳು ಕೂತು ಕಲಿತರು. ಮುಖಕ್ಕೆ ಕಳೆ ಬಂತು. ನಮ್ಮೆಲ್ಲರ ಮುಖದ ಕಳೆ ಹೋಯಿತು.

ಕಾರ್ಖಾನೆಯಲ್ಲಿ ಒಳಗೆ ಬರುವವರಿಗಿಂತ ಹೊರಗೆ ಹೋಗುವವರ ತಪಾಸಣೆಯೇ ಹೆಚ್ಚು. ಟಿಫನ್ ಡಬ್ಬಿಯಲ್ಲಿ ತಾಮ್ರದ ತಂತಿ ಹೋಗಿಬಿಟ್ಟರೆ? ಭಾವ ಅದೇ ಕಾನೂನನ್ನು ಮನೆಯಲ್ಲೂ ಜಾರಿಗೆ ತಂದರು. ಒಮ್ಮೆ ಅಲ್ಲಿ ಕೂತು ಫೋನ್ ತೆಗೆದೆ.

"ಏನ್ ಕೆಲಸ?" ಎಂದರು ಭಾವ.

"ಕ್ರಿಕೆಟ್ ಸ್ಕೋರ್ ನೋಡ್ಬೇಕಿತ್ತು."

"ಎಷ್ಟು ಹೊತ್ತು?"

"ಎರಡು ನಿಮಿಷ."

ರಿಜಿಸ್ಟರ್ ಬಂತು, ನನ್ನ ಫೋನಿನ ನಂಬರು ಏರಿತು, ಸಹಿಯಾಯಿತು. ಅವರು ಪಾಸ್ ಮಂಜೂರು ಮಾಡುವಷ್ಟರಲ್ಲಿ ನಾವು ಸೋತು ಅರ್ಧ ಗಂಟೆಯಾಗಿತ್ತು.

"ನಿಂದೇನು ಬಿಡೋ," ಎಂದಳು ಅಕ್ಕ ಅಡುಗೆಮನೆಯಿಂದ. "ಹೊಸದ್ರಲ್ಲಿ ನಾನು ಅಮ್ಮನ ಮನೆಗೆ ಹೊರಟ್ರೆ ನನ್ನ ಬ್ಯಾಗೂ ತೆಗೆಸಿ ನೋಡ್ತಿದ್ರು. ಟಾರ್ಚ್ ಬಿಟ್ಕೊಂಡು."

ಆ ಅಕ್ಕನ ಶ್ವಾಸಕೋಶ ಈ ವರ್ಷ ಕೈಕೊಟ್ಟಿತು. ಹೆಬ್ಬಾಳದ ಆಸ್ಪತ್ರೆಗೆ ಸೇರಿಸಿದೆವು. ವೈದ್ಯರು ನನ್ನನ್ನು ಕಾರಿಡಾರಿನ ಮೂಲೆಗೆ ಕರೆದು, ಇನ್ನು ತಿಂಗಳುಗಳ ಮಾತಿಲ್ಲ, ವಾರಗಳದ್ದು ಎಂದರು. ಅಕ್ಕನಿಗೂ ಗೊತ್ತಿತ್ತು. ಅವಳು ಕೇಳಿದ್ದು ಒಂದೇ: ಮನೆ ನೋಡಬೇಕು. ಆಮ್ಲಜನಕದ ಕೊಳವೆ ಬಿಡಿಸಿ ಕರೆದೊಯ್ಯುವ ಹಾಗಿರಲಿಲ್ಲ. ಭಾವ ಜಗಲಿಗೊಂದು ಕ್ಯಾಮೆರಾ ಬಿಗಿದು, ಅದರ ಚಿತ್ರ ಅಕ್ಕನ ಹಾಸಿಗೆ ಪಕ್ಕದ ಟ್ಯಾಬ್‌ಗೆ ಬರುವಂತೆ ಮಾಡಿದರು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅದರ ಮುಂದೆ ಅಟೆನ್ಷನ್‌ನಲ್ಲಿ ನಿಂತು, ತಾವು ಮಾಡಿದ ತಿಂಡಿಯ ತಟ್ಟೆಯನ್ನು ಎತ್ತಿ ತೋರಿಸುವರು. ಅಕ್ಕ ತೀರ್ಪು ಕೊಡುವಳು, ನಾನು ಅದನ್ನು ಭಾವನ ಬಟನ್ ಫೋನಿಗೆ ತಲುಪಿಸುವವನು.

"ಅದು ಉಪ್ಪಿಟ್ಟಲ್ಲ, ಸಿಮೆಂಟು. ಹೇಳು ಅವ್ರಿಗೆ."

ಹೀಗೆ ಒಂದು ವಾರ ನಡೆಯಿತು. ಆಮೇಲೆ ಯಾರೋ ರಸ್ತೆ ಅಗೆದರು, ಕೇಬಲ್ ತುಂಡಾಯಿತು, ಟ್ಯಾಬ್ ಕಪ್ಪಾಯಿತು. ಸರಿಪಡಿಸಲು ಎಷ್ಟು ದಿನ ಎಂದರೆ ಯಾರಿಗೂ ಗೊತ್ತಿಲ್ಲ. ಅಕ್ಕನ ಬಳಿ ಇದ್ದದ್ದೋ ಎಣಿಕೆಯ ದಿನಗಳು.

ಭಾವ ಯಲಹಂಕಕ್ಕೆ ಹೋಗಿ ಬೆರಳುದ್ದದ ಒಂದು ಯುಎಸ್‌ಬಿ ಮೋಡೆಮ್ ತಂದರು. ಸಿಮ್ ಹಾಕಿ ಕಂಪ್ಯೂಟರಿಗೆ ಚುಚ್ಚಿದರೆ ಕೇಬಲ್ಲಿನ ಹಂಗಿಲ್ಲದೆ ಇಂಟರ್‌ನೆಟ್ ಬರುವಂಥದು. ಚುಚ್ಚಿದರು. ಅದು ಲಿನಕ್ಸಿಗೆ 'ನಾನು ಮೋಡೆಮ್ ಅಲ್ಲ, ಸಿ.ಡಿ.' ಎಂದು ಪರಿಚಯ ಹೇಳಿಕೊಂಡಿತು. ಅಂಥ ಮೋಡೆಮ್‌ಗಳ ಅಭ್ಯಾಸವೇ ಹಾಗಂತೆ.

"ಗೇಟಲ್ಲಿ ನಿಂತ್ಕೊಂಡು ಸುಳ್ಳು ಐ.ಡಿ. ತೋರಿಸ್ತಿದೆ ಕಣಯ್ಯ," ಎಂದರು ಭಾವ ಫೋನಿನಲ್ಲಿ. ಮೂವತ್ತೊಂದು ವರ್ಷದಲ್ಲಿ ಅಂಥ ಧೈರ್ಯ ಯಾರೂ ಮಾಡಿರಲಿಲ್ಲ.

ಎರಡು ದಿನ ವಿಚಾರಣೆ ನಡೆಯಿತು. ಮೂರನೆಯ ದಿನ ಅದು ತಾನು ಮೋಡೆಮ್ ಎಂದು ಒಪ್ಪಿಕೊಂಡಿತು. ಹಸಿರು ದೀಪ ಹತ್ತಿತು. ಚಿತ್ರ ಮಾತ್ರ ಬರಲಿಲ್ಲ.

ಅಕ್ಕ ಕಪ್ಪು ಪರದೆಯನ್ನೇ ನೋಡುತ್ತಿದ್ದಳು. ಮನೆಯ ಫೋಟೋ ತೆಗೆದುಕೊಂಡು ಹೋಗಿ ತೋರಿಸಿದೆ. ಪಕ್ಕಕ್ಕೆ ಸರಿಸಿದಳು.

"ಫೋಟೋ ಗೋಡೆ ಮೇಲಿರೋರಿಗೆ ಕಣೋ. ನಂಗೆ ಈಗ ನಡೀತಿರೋದು ಬೇಕು."

ಐದನೆಯ ದಿನ ಸಿಟ್ಟು ಬಂದು ಅಲ್ಲಾಳಸಂದ್ರಕ್ಕೇ ಹೋದೆ. ಭಾವ ಗಡ್ಡ ಬೋಳಿಸಿರಲಿಲ್ಲ. ಆ ಫೈರ್‌ವಾಲನ್ನೇ ಕಿತ್ತುಹಾಕಿ ಎಂದೆ. ನಾನು ಅವರ ಸಮವಸ್ತ್ರ ಬಿಚ್ಚಲು ಹೇಳಿದೆನೇನೋ ಎಂಬಂತೆ ನೋಡಿದರು. ನನಗೆ ಕಂಪ್ಯೂಟರಿನ ಗಂಧವಿಲ್ಲ, ಅದಕ್ಕೇ ಪೆದ್ದನಂತೆ ಕೇಳಿದೆ:

"ಕ್ಯಾಮೆರಾಗೆ ಪಾಸ್ ಕೊಟ್ಟಿದೀರ ತಾನೆ?"

"ಮೊದಲ್ನೇ ದಿನವೇ ಕೊಟ್ಟಿದೀನಿ. ಗೇಟ್ ನಂಬರ್ ಒಂದು."

ಅಷ್ಟು ಹೇಳಿ ಪರದೆಯ ಕಡೆ ತಿರುಗಿದರು.

ಅವರ ಕಾರ್ಖಾನೆಯಲ್ಲಿ ಒಂದನೇ ಗೇಟಿನ ಪಾಸು ಎರಡನೇ ಗೇಟಿನಲ್ಲಿ ನಡೆಯುತ್ತಿರಲಿಲ್ಲ. ಆ ಕಾನೂನು ತಂದವರೇ ಭಾವ. ಕ್ಯಾಮೆರಾದ ಪಾಸು ಕೇಬಲ್ಲಿನ ದಾರಿಗೆ ಬರೆದದ್ದು, ಮೋಡೆಮ್ ಎರಡನೇ ದಾರಿ. ಮೋಡೆಮ್ ಒಪ್ಪಿಕೊಂಡ ಗಳಿಗೆಯಿಂದ ಚಿತ್ರಗಳು ಗೇಟಿನ ತನಕ ಬರುತ್ತಿದ್ದವು, ಭಾವನ ಫೈರ್‌ವಾಲ್ ಒಂದೊಂದನ್ನೂ ತಡೆದು ಅಲ್ಲೇ ಎಸೆಯುತ್ತಿತ್ತು. ಪರದೆ ತುಂಬ ಅದೇ ವರದಿ, ಸಾಲು ಸಾಲಾಗಿ, ಸಮಯದ ಸಮೇತ.

"ನಾನೇ ತಡೆದಿದೀನಿ ಕಣಯ್ಯ," ಎಂದರು. "ಅವಳನ್ನ."

ಒಂದೇ ಸಾಲು ಬರೆಯಬೇಕಿತ್ತು. ಮೂರು ಸಲ ತಪ್ಪು ಬರೆದು ಅಳಿಸಿದರು.

ಮಾರನೆಯ ಬೆಳಿಗ್ಗೆ ಏಳಕ್ಕೆ ಟ್ಯಾಬ್ ಬೆಳಗಿತು. ಭಾವ ತಟ್ಟೆ ಎತ್ತಿದರು. ಅಕ್ಕ ತುಂಬ ಹೊತ್ತು ನೋಡಿದಳು, ತಟ್ಟೆಯನ್ನಲ್ಲ.

"ಆ ಬನಿಯನ್ ಒಗೆಯೋಕೆ ಹೇಳು."

ಇನ್ನೂ ಒಂಬತ್ತು ಬೆಳಿಗ್ಗೆ ನೋಡಿದಳು. ಹತ್ತನೆಯ ದಿನ ಭಾವ ತಟ್ಟೆ ಎತ್ತಿದಾಗ ನೋಡಿದವನು ನಾನೊಬ್ಬನೇ. ಅವರಿಗೆ ಫೋನ್ ಮಾಡಲು ನನಗೆ ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ತೀರ್ಪಿಗಾಗಿ ನಿಂತೇ ಇದ್ದರು.

ಉತ್ತರಕ್ರಿಯೆಯ ಕೆಲಸಗಳೆಲ್ಲ ಮುಗಿದವು. ಟ್ಯಾಬ್ ಆರ್.ಟಿ. ನಗರದ ನನ್ನ ಮನೆಯಲ್ಲೇ ಉಳಿಯಿತು. ಎರವಲು ಕೊಟ್ಟ ಪೆನ್ನಿಗೂ ರಸೀದಿ ಬರೆಸಿಕೊಳ್ಳುವ ಭಾವ ಅದನ್ನು ಕೇಳಲಿಲ್ಲ. ಒಂದು ದಿನ ಏಳು ಗಂಟೆಗೆ, ಯಾಕೋ, ತೆರೆದು ನೋಡಿದೆ. ಜಗಲಿಯಲ್ಲಿ ಒಗೆದ ಬನಿಯನ್ ತೊಟ್ಟು, ತಟ್ಟೆ ಎತ್ತಿ ಹಿಡಿದು, ಅಟೆನ್ಷನ್‌ನಲ್ಲಿ ನಿಂತಿದ್ದರು. ಮರುದಿನವೂ ತೆರೆದೆ. ದಿನಾ ತೆರೆಯತೊಡಗಿದೆ. ಅವರಿಗೆ ಹೇಳಲಿಲ್ಲ.

ಮೊನ್ನೆ ಫೋನ್ ಬಂತು.

"ದಿನಾ ಏಳಕ್ಕೆ ಆರ್.ಟಿ. ನಗರದ ಕಡೆಯಿಂದ ಯಾರೋ ನೋಡ್ತಾರೆ ಕಣಯ್ಯ. ವರದೀಲಿ ಬರ್ತಿದೆ. ಟ್ಯಾಬ್‌ಗೆ ನಾನು ಪಾಸ್ ಕೊಟ್ಟಿದ್ದು ಆಸ್ಪತ್ರೇಲಿ ನೋಡೋಕೆ."

"ತಡೀತೀರಾ ಭಾವ?"

ಆ ಕಡೆ ರಿಜಿಸ್ಟರಿನ ಹಾಳೆ ಮಗುಚಿದ ಸದ್ದಾಯಿತು.

"ಇವತ್ತು ಎಂಟು ನಿಮಿಷ ಲೇಟು," ಎಂದರು. "ನಾಳೆ ಉಪ್ಪಿಟ್ಟು. ಟೈಮಿಗೆ ಸರಿಯಾಗಿ ಬಾ."